ನೆಲಮಾಳಿಗೆಯವಳು ದ್ವೀಪ ಸುತ್ತಿದ್ದು

ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ನನ್ನ ಕಡೆ ಬೆರಳು ತೋರಿಸುವುದು ಬೇಡ. ರಜಕ್ಕೆಂದು ಬಂದ ಹೋಟೆಲಿನಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು, ಹಲ್ಲುಜ್ಜುವುದಕ್ಕೂ ಮೊದಲು, ಗಂಡ, ಮಗಳು, ಅತ್ತೆ ಮೂವರನ್ನೂ ಎಬ್ಬಿಸಿ, ನಾಲ್ಕೂ ಹಾಸಿಗೆಗಳ ಬಟ್ಟೆ ಕಿತ್ತು, ಮೂಟೆ ಕಟ್ಟಿ ಬಾಗಿಲಾಚೆ ಇಟ್ಟವಳು ನಾನೇ.

"ಅಮ್ಮಾ, ಇದು ನಮ್ಮ ಕೆಲಸ ಅಲ್ಲ," ಎಂದು ಹದಿನೇಳರ ಮಗಳು ಬರೀ ಹಾಸಿಗೆಯ ಮೇಲೆ ಕೂತು ಕಣ್ಣುಜ್ಜಿಕೊಳ್ಳುತ್ತಾ ಹೇಳಿದಾಗಲೇ ನನಗೆ ಎಚ್ಚರವಾದದ್ದು. ಓಡಿಹೋಗಿ ಬಾಗಿಲು ತೆಗೆದೆ. ಕೋಣೆ ಗುಡಿಸುವ ಹೆಂಗಸು ಮೂಟೆ ಎತ್ತಿಕೊಂಡು ಹೋಗಿಯಾಗಿತ್ತು.

ಇಪ್ಪತ್ತೆರಡು ವರ್ಷದ ಅಭ್ಯಾಸ ಒಂದು ರಾತ್ರಿಗೆ ಬಿಡುತ್ತದೆಯೇ? ನಮ್ಮೂರಿನ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಲಾಂಡ್ರಿ ಕೆಲಸ ನನ್ನದು. ಮೇಲಿನ ಮುನ್ನೂರು ಕೋಣೆಗಳಲ್ಲಿ ಮಲಗುವವರ ಮುಖ ನೋಡಿದವಳಲ್ಲ, ಆದರೆ ಹಾಸಿಗೆ ಬಟ್ಟೆ ನೋಡಿ ಯಾರು ಮಲಗಿದಲ್ಲೇ ತಿಂಡಿ ತಿಂದರು, ಯಾರು ಅದರಲ್ಲೇ ಷೂ ಒರೆಸಿದರು, ಯಾರು ರಾತ್ರಿಯೆಲ್ಲ ಅತ್ತರು ಎಂದು ಹೇಳಬಲ್ಲೆ. ಕಲೆಯಾದ ಬಟ್ಟೆಯ ಮೂಲೆಗೆ ಒಂದು ಸಣ್ಣ ಗಂಟು ಹಾಕುವುದು ನಮ್ಮ ಕಂಪನಿಯ ಲಾಂಡ್ರಿಯವರ ಪದ್ಧತಿ. ಗಂಟು ಕಂಡರೆ ಅದನ್ನು ಬೇರೆ ನೆನೆಹಾಕಬೇಕು. ಅತ್ತೆ ಮೊಣಕಾಲಿಗೆ ಹಚ್ಚಿಕೊಂಡ ನೋವಿನ ಎಣ್ಣೆ ಅವರ ಹಾಸಿಗೆ ಬಟ್ಟೆಗೆ ಮೆತ್ತಿತ್ತು. ಅದಕ್ಕೂ ಗಂಟು ಹಾಕಿಬಿಟ್ಟಿದ್ದೆ.

ಈ ರಜ ಕಂಪನಿಯೇ ಕೊಟ್ಟದ್ದು. ದೀರ್ಘ ಸೇವೆಗೆ ಬಹುಮಾನ, ಕಂಪನಿಯದೇ ಇನ್ನೊಂದು ಹೋಟೆಲಿರುವ ದ್ವೀಪದಲ್ಲಿ ಮನೆಮಂದಿಗೆಲ್ಲ ಮೂರು ದಿನ. ಮೂರು ಎನ್ನುವುದು ಕಾಗದದ ಮೇಲೆ. ಬರುವುದರಲ್ಲಿ ಒಂದು ದಿನ ಹೋಯಿತು, ಮೂರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ವಾಪಸ್ ಬೋಟು. ಕೈಗೆ ಸಿಕ್ಕುವುದು ನಡುವಿನದು ಒಂದೇ. ಮಗಳು ಆ ಒಂದು ದಿನಕ್ಕೆ ತಿಂಗಳಿನಿಂದ ನಕಾಶೆ ಬರೆದುಕೊಂಡಿದ್ದಳು. ಹೋಟೆಲಿನ ಹಿಂದಿನ ಓಣಿ, ದೋಣಿ ಕಟ್ಟುವ ಅಂಗಳ, ಗುಡ್ಡದ ಮೇಲಿನ ಹಳೆಯ ದೀಪದ ಗೋಪುರ, ಆಮೇಲೆ ಆಚೆ ದಡ. ಆಚೆ ದಡದಲ್ಲಿ ಸಮುದ್ರ ಇಳಿದಾಗ ನೀರಿನ ನಡುವೆ ಒಂದು ಮರಳಿನ ದಾರಿ ಮೇಲೇಳುತ್ತದಂತೆ, ಅದರ ಮೇಲೆ ನಡೆದು ಎದುರಿನ ಪುಟ್ಟ ದ್ವೀಪಕ್ಕೆ ಹೋಗಬಹುದಂತೆ. ಆ ದಿನ ದಾರಿ ತೆರೆಯುವುದು ಹನ್ನೆರಡರಿಂದ ಎರಡರವರೆಗೆ. ಮರುದಿನ ತೆರೆಯುವುದು ಒಂದಕ್ಕೆ, ಅಷ್ಟರಲ್ಲಿ ನಾವು ಬೋಟಿನಲ್ಲಿರುತ್ತೇವೆ. ನೀರಿನ ಮೇಲೆ ನಡೆದವಳು ನಾನು ಎಂದು ನೆಲಮಾಳಿಗೆಯಲ್ಲಿ ಹೇಳಿಕೊಳ್ಳಬೇಕು ಎಂಬ ಆಸೆ ನನಗೆ ಮಗಳಿಗಿಂತ ಹೆಚ್ಚಾಗಿತ್ತು.

ತಿಂಡಿಗೆ ಕೂತಿದ್ದೆವು. ನನ್ನ ಗಂಡ ಲಿಫ್ಟ್ ರಿಪೇರಿಯವರು. ಯಾವುದನ್ನೂ ಮೂರು ಸಲ ಎಳೆದು ನೋಡದೆ ನಂಬುವ ಜಾತಿಯಲ್ಲ. ಕುರ್ಚಿಯನ್ನೂ ಅಲ್ಲಾಡಿಸಿ ನೋಡಿಯೇ ಕೂತಿದ್ದರು. ಅತ್ತೆ ಬ್ರೆಡ್ಡಿಗೆ ಬೆಣ್ಣೆ ಸಾಲದು ಎಂದು ಮೂರನೇ ಸಲ ಗೊಣಗುತ್ತಿದ್ದರು. ಆಗ ಮ್ಯಾನೇಜರ್ ಬಂದ. ನಿನ್ನೆ ಇವನೇ ಬಾಗಿಲಲ್ಲಿ ನಿಂತು "ಬನ್ನಿ ಮೇಡಂ, ಪ್ರಯಾಣ ಹೇಗಿತ್ತು ಮೇಡಂ" ಎಂದು ಬಾಗಿದ್ದವನು.

"ಏನಮ್ಮಾ," ಎಂದ ಇವತ್ತು, ನಗುತ್ತಾ. "ಗಂಟು ನೋಡಿದೆ. ನಮ್ಮ ಲಾಂಡ್ರಿ ಹುಡುಗಿಯರು ನೋಡಿದ ತಕ್ಷಣ ಹೇಳಿದ್ರು, ಇದು ನಮ್ಮವರ ಕೈ ಅಂತ. ಹೆಡ್ ಆಫೀಸಿಗೆ ಕೇಳಿದೆ. ಇಪ್ಪತ್ತೆರಡು ವರ್ಷದ ಅನುಭವ ಅಂತೆ!"

ಒಂದೇ ರಾತ್ರಿಯಲ್ಲಿ ನಾನು ಮೇಡಂನಿಂದ ಏನಮ್ಮಾ ಆಗಿದ್ದೆ. ಚಹಾ ಕಪ್ಪು ಕೆಳಗಿಟ್ಟೆ.

ಅವನು ಕುರ್ಚಿ ಎಳೆದುಕೊಂಡು ಕೂತ. ಇವತ್ತು ಅವರ ಲಾಂಡ್ರಿಯ ಮುಖ್ಯಸ್ಥೆಗೆ ಜ್ವರ ಬಂದಿದೆಯಂತೆ. ದೊಡ್ಡ ಇಸ್ತ್ರಿ ಯಂತ್ರ ಅವಳದ್ದು ಬಿಟ್ಟರೆ ಬೇರೆಯವರ ಮಾತು ಕೇಳುವುದಿಲ್ಲವಂತೆ. ಸಂಜೆ ಬೋಟಿಗೆ ಎಂಬತ್ತು ಜನರ ಗುಂಪು ಬರುತ್ತದಂತೆ.

"ಎರಡೇ ಗಂಟೆ. ಬಂದು ಸ್ವಲ್ಪ ನೋಡಿಕೊಡಿ. ನಮ್ಮವರೇ ಅಲ್ವಾ ನೀವು?"

ಲಾಂಡ್ರಿಯ ಎರಡು ಗಂಟೆ ಎಷ್ಟು ಉದ್ದ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಳಗೆ ಹೋದವಳು ಸಂಜೆ ಹೊರಗೆ ಬಂದರೆ ಪುಣ್ಯ.

ಅವನು ದನಿ ತಗ್ಗಿಸಿದ. "ನಿಮ್ಮಲ್ಲಿ ಇನ್-ಚಾರ್ಜ್ ಜಾಗ ಮುಂದಿನ ತಿಂಗಳು ಖಾಲಿ ಆಗ್ತಿದೆಯಂತಲ್ಲ. ನಿಮ್ಮ ಹೆಸರು ಇದೆ ಅಂತ ಕೇಳಿದೆ. ನಾನೊಂದು ಫೋನ್ ಮಾಡಿದ್ರೆ ಸಾಕು."

ಅದನ್ನು ಕೇಳಿ ನನಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಇನ್-ಚಾರ್ಜ್ ಆದವರಿಗೆ ನೆಲಮಾಳಿಗೆಯಲ್ಲಿ ಒಂದು ಕುರ್ಚಿ ಇದೆ. ಇಡೀ ಲಾಂಡ್ರಿಗೆ ಇರುವುದು ಅದೊಂದೇ ಕುರ್ಚಿ. ಇಪ್ಪತ್ತೆರಡು ವರ್ಷ ನಿಂತು ನಿಂತು ನನ್ನ ಮೀನಖಂಡದ ನರಗಳು ನೀಲಿಗಟ್ಟಿ ಉಬ್ಬಿವೆ. ಆ ಕುರ್ಚಿಯ ಕನಸು ಕಂಡಷ್ಟು ನಾನು ಯಾವುದರ ಕನಸೂ ಕಂಡಿಲ್ಲ.

ಗಂಡ ಮೇಜಿನಡಿ ನನ್ನ ಕಾಲು ತುಳಿದರು. ಹೂಂ ಅನ್ನು ಎಂದು ಅರ್ಥ. ಮದುವೆಯಾದಾಗಿನಿಂದ ಆ ಕಾಲಿನ ಭಾಷೆ ನನಗೆ ಗೊತ್ತು. ಮಗಳು ಮಾತ್ರ ತನ್ನ ನಕಾಶೆಯನ್ನು ನಿಧಾನವಾಗಿ ಮಡಿಸತೊಡಗಿದಳು. ಅವಳು ಜಗಳವಾಡಿದ್ದರೆ ನಾನು ಬಹುಶಃ ಹೋಗಿಬಿಡುತ್ತಿದ್ದೆ. ಇಷ್ಟು ಚಿಕ್ಕ ವಯಸ್ಸಿಗೇ ಸುಮ್ಮನೆ ಮಡಿಸಿಡುವುದು ಕಲಿತಿದ್ದಾಳಲ್ಲ, ಯಾರಿಂದ ಕಲಿತಳು?

"ಆಗಲ್ಲ ಸಾರ್," ಎಂದೆ.

"ಆಗಲ್ವಾ?"

"ಇವತ್ತು ನಾನು ರಜದಲ್ಲಿದ್ದೀನಿ. ನಾಳೆ ಮಧ್ಯಾಹ್ನದವರೆಗೆ ನಾನು ಇಲ್ಲಿ ಗೆಸ್ಟು. ಗೆಸ್ಟ್ ಕೈಲಿ ಯಾರಾದ್ರೂ ಬಟ್ಟೆ ಒಗೆಸ್ತಾರಾ?"

ಅವನ ನಗು ಅರ್ಧಕ್ಕೆ ನಿಂತಿತು. "ಯೋಚನೆ ಮಾಡಿ," ಎಂದು ಎದ್ದುಹೋದ. ಅತ್ತೆ ಅವನ ಬೆನ್ನು ನೋಡುತ್ತಾ, "ಬೆಣ್ಣೆ ಕೇಳೋಣ ಅಂತಿದ್ದೆ, ಎದ್ದು ಹೋದನಲ್ಲ," ಎಂದರು.

ಎಂಟೂವರೆಗೆ ಹೊರಬಿದ್ದೆವು. ಹೋಟೆಲಿನ ಮುಂದೆ ಎಲ್ಲವೂ ತೊಳೆದಿಟ್ಟ ಹಾಗಿತ್ತು. ಹಿಂದಿನ ಓಣಿಗೆ ತಿರುಗಿದರೆ ನಮ್ಮಂಥವರ ಬೀದಿ. ಕಿಟಕಿಯಿಂದ ಕಿಟಕಿಗೆ ಹಗ್ಗ, ಹಗ್ಗದ ತುಂಬ ಸಮವಸ್ತ್ರ. ಹೊಲಿಗೆ ಯಂತ್ರದ ಸದ್ದು, ಮೂಲೆಯಲ್ಲಿ ಚಪ್ಪಲಿ ರಿಪೇರಿ. ದೋಣಿ ಅಂಗಳದಲ್ಲಿ ರಾಟೆಯಿಂದ ದೋಣಿಯೊಂದನ್ನು ಮೇಲೆತ್ತುತ್ತಿದ್ದರು. ಗಂಡ ಅಲ್ಲಿ ಕಾಲು ಗಂಟೆ ಕಂಬವಾಗಿ ನಿಂತರು. ಹಗ್ಗ ಸವೆದಿದೆ, ಬದಲಾಯಿಸಿ ಎಂದು ಯಾರೂ ಕೇಳದಿದ್ದರೂ ಹೇಳಿದರು. ದೋಣಿಯವನು ಅವರನ್ನು ಮೇಲಿಂದ ಕೆಳಗೆ ನೋಡಿ, "ನೀವು ರಜಕ್ಕೆ ಬಂದವರಾ, ತಪಾಸಣೆಗೆ ಬಂದವರಾ?" ಎಂದು ಕೇಳಿದ. ಮಗಳು ನಕ್ಕು ನಕ್ಕು ಸುಸ್ತಾದಳು. ನಮ್ಮ ಮನೆಯಲ್ಲಿ ಯಾರಿಗೂ ಸುಮ್ಮನಿರುವ ವಿದ್ಯೆ ಬರುವುದಿಲ್ಲ.

ಗುಡ್ಡಕ್ಕೆ ನೂರಾ ನಲವತ್ತು ಮೆಟ್ಟಿಲು. "ನನ್ನನ್ನ ಇಲ್ಲೇ ಬಿಟ್ಟು ಹೋಗಿ, ಬರುವಾಗ ಹೆಣ ಎತ್ಕೊಂಡ್ರಾಯ್ತು," ಎಂದು ಅತ್ತೆ ಕೆಳಗೇ ಕೂತರು. ಐದು ನಿಮಿಷ ಯಾರೂ ರಮಿಸಲು ಬಾರದಿದ್ದಾಗ ತಾವೇ ಎದ್ದು, ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ ಹಾಕುತ್ತಾ ಹತ್ತಿದರು. ಮೇಲಿನಿಂದ ದ್ವೀಪವಿಡೀ ಕಾಣುತ್ತಿತ್ತು. ಸುತ್ತಲೂ ಇಷ್ಟು ಬೆಳಕು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟು ಹಾಕಿದರೆ ಬೆಳಗು, ಆರಿಸಿದರೆ ಸಂಜೆ. ಅಲ್ಲಿ ನಿಂತು ನನಗೆ ಖುಷಿಯ ಜೊತೆ ಸಿಟ್ಟೂ ಬಂತು, ಇಷ್ಟು ದಿನ ಇದನ್ನೆಲ್ಲ ಯಾರು ಬಚ್ಚಿಟ್ಟಿದ್ದರು ಎಂದು.

ಫೋನು ಅಲ್ಲೇ ಮೊದಲ ಸಲ ಹೊಡೆದುಕೊಂಡಿತು. ಹೋಟೆಲಿನ ನಂಬರು. ನಿಲ್ಲುವವರೆಗೆ ನೋಡುತ್ತಾ ನಿಂತೆ. ಹತ್ತು ನಿಮಿಷಕ್ಕೆ ಮತ್ತೆ ಹೊಡೆಯಿತು.

"ತಗೊಂಡುಬಿಡೇ," ಎಂದರು ಗಂಡ. ಮುಖ ಇಳಿದುಹೋಗಿತ್ತು. "ಈಗ ಹೋದ್ರೂ ಆಗುತ್ತೆ. ದೊಡ್ಡವರ ಜೊತೆ ನಮಗೇಕೆ? ತಾಳಿದವನು ಬಾಳಿಯಾನು ಅಂತಾರೆ."

"ಇಪ್ಪತ್ತೆರಡು ವರ್ಷ ತಾಳಿದ್ದೀನಿ ರೀ. ಇವತ್ತು ಒಂದು ದಿನ ಬಾಳ್ತೀನಿ."

"ಕುರ್ಚಿ ಬೇಡವಾ ನಿನಗೆ?"

"ಬೇಕು. ಅದಕ್ಕೇ ಮಾತಾಡಬೇಡಿ."

ಗಂಡ ನನ್ನ ಚೀಲ ತಾವೇ ಹೊತ್ತುಕೊಂಡು ಮುಂದೆ ನಡೆದರು.

ಹನ್ನೆರಡೂ ಕಾಲಿಗೆ ಆಚೆ ದಡ ಸೇರಿದೆವು. ದಾರಿ ನಿಜಕ್ಕೂ ಇತ್ತು. ಎರಡು ಕಡೆ ನೀರು, ನಡುವೆ ಮೂವರು ಸಾಲಾಗಿ ನಡೆಯುವಷ್ಟು ಅಗಲದ ಒದ್ದೆ ಮರಳು. ಗಂಡ ಕೋಲೊಂದು ಹುಡುಕಿ ಮೂರು ಸಲ ಚುಚ್ಚಿ ನೋಡಿ, "ಗಟ್ಟಿ ಇದೆ," ಎಂದು ಸರ್ಟಿಫಿಕೇಟ್ ಕೊಟ್ಟ ಮೇಲೆ ಮಗಳು ಓಡಿದಳು. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲು ನೋವು ಯಾರದ್ದೋ ಎನ್ನುವಂತೆ ನಡೆದರು. ನಾನು ಎಲ್ಲರಿಗಿಂತ ಹಿಂದೆ. ಬೇಕೆಂದೇ ನಿಧಾನ. ನೀಲಿ ನರದ ಕಾಲಿಗೆ ತಣ್ಣನೆಯ ನೀರು ತಾಗಿದರೆ ಎಷ್ಟು ಹಿತವೋ, ಆ ಕಾಲಿನವರಿಗೇ ಗೊತ್ತು.

ಪುಟ್ಟ ದ್ವೀಪದಲ್ಲಿ ನಾಲ್ಕಾರು ತೆಂಗಿನ ಮರ, ಅದರ ನೆರಳಲ್ಲಿ ನಮಗಿಂತ ಮೊದಲೇ ಬಂದ ಇಬ್ಬರು. ನನ್ನ ವಯಸ್ಸಿನ ಒಬ್ಬ ಹೆಂಗಸು, ಅವಳ ಮುದಿ ಅಪ್ಪ. ಬಿಳಿ ಬಟ್ಟೆಯೊಂದನ್ನು ಹಾಸಿ ಮೊಟ್ಟೆ, ಹಣ್ಣು ತಿಂದು ಮುಗಿಸಿದ್ದರು. ಅವಳು ಎದ್ದು ಬಟ್ಟೆ ಮಡಿಸಲು ಹೋದಳು. ಗಾಳಿ ಬಿಡಲಿಲ್ಲ. ನನ್ನ ಕೈ ಸುಮ್ಮನಿರಬೇಕಲ್ಲ, ಹೋಗಿ ಎದುರಿನ ಎರಡು ಮೂಲೆ ಹಿಡಿದೆ.

ಒಂದು ಸಲ ಜಾಡಿಸಿದೆವು. ಹೆಬ್ಬೆರಳು ಒಳಗೆ, ಮೂಲೆಗೆ ಮೂಲೆ, ಎರಡು ಹೆಜ್ಜೆ ಮುಂದೆ. ನನ್ನ ಮೂಲೆಗಳನ್ನು ಅವಳ ಬೆರಳಿಗೆ ಕೊಟ್ಟೆ, ಬಗ್ಗಿ ಮಡಿಕೆ ಹಿಡಿದೆ, ಮತ್ತೆ ಎರಡು ಹೆಜ್ಜೆ. ನಾಲ್ಕನೆಯ ಮಡಿಕೆಗೆ ಬಟ್ಟೆ ಅಂಗೈ ಅಗಲಕ್ಕೆ ಬಂದಿತ್ತು. ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಆಗ ಅವಳ ಮೊಣಕೈ ಕೆಳಗೆ ಉದ್ದಕ್ಕೆ ಸುಟ್ಟ ಗೆರೆ ನೋಡಿದೆ. ಅವಳು ನನ್ನ ಕೈಯ ಅದೇ ಗೆರೆ ನೋಡಿದಳು. ದೊಡ್ಡ ಇಸ್ತ್ರಿ ಯಂತ್ರದ ಉರುಳೆ ಎಲ್ಲರನ್ನೂ ಒಂದೇ ಜಾಗದಲ್ಲಿ ಕಚ್ಚುತ್ತದೆ.

"ನೀವು ಯಾವ ಹೋಟೆಲಿನವರು?" ಎಂದಳು.

ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಎಲ್ಲಿ ಇಳಿದುಕೊಂಡಿದ್ದೇವೆ ಎಂದೂ ಹೇಳಿದಾಗ ಅವಳು ಮರಳಿನ ಮೇಲೆ ಕೂತೇಬಿಟ್ಟಳು.

"ಹಾಗಾದ್ರೆ ನೀವೇ ಅವರು. ಬೆಳಿಗ್ಗೆ ನಮ್ಮ ಲಾಂಡ್ರಿ ಹುಡುಗಿ ಫೋನ್ ಮಾಡಿದ್ಲು. ಯಾರೋ ಗೆಸ್ಟ್ ಸಿಕ್ಕಿದ್ದಾರೆ, ನಮ್ಮ ಕೆಲಸದವರೇ, ಅವರ ಕೈಲಿ ಮಾಡಿಸ್ತಾರಂತೆ ಅಂತ. ನನ್ನ ಕಥೆ ಮುಗೀತು ಅಂದ್ಕೊಂಡೆ. ನಾನಿಲ್ದೆ ನಡೆಯುತ್ತೆ ಅಂತ ಒಂದು ದಿನ ಗೊತ್ತಾದ್ರೆ ಸಾಕು ಅವರಿಗೆ."

"ಜ್ವರ ಎಷ್ಟಿದೆ?" ಎಂದು ಕೇಳಿದೆ.

ಅವಳು ನನ್ನನ್ನೇ ದಿಟ್ಟಿಸಿದಳು. ನಾನು ನಕ್ಕ ಮೇಲೆ ಅವಳಿಗೂ ನಗು ಬಂತು. ಇದೇ ದ್ವೀಪದಲ್ಲಿ ಹುಟ್ಟಿದವಳು. ಹನ್ನೊಂದು ವರ್ಷದಿಂದ ಹಗಲು ಹೊತ್ತು ಈ ದಡ ಕಂಡಿಲ್ಲ. ಅಪ್ಪನ ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ಪೂರ್ತಿ ಹೋಗುವ ಮೊದಲು ಒಮ್ಮೆ ಈ ದಾರಿ ತೋರಿಸು ಎಂದು ಅವನು ಕೇಳುತ್ತಲೇ ಇದ್ದ. ನಾಲ್ಕು ಸಲ ರಜ ಕೇಳಿದಳು. ನಾಲ್ಕು ಸಲವೂ ಯಾವುದೋ ಗುಂಪು ಬರುವುದಿತ್ತು.

"ನೀವು ಯಾಕೆ ಹೋಗ್ಲಿಲ್ಲ?" ಎಂದಳು.

"ನಿಮಗೋಸ್ಕರ ಅಲ್ಲ. ನನಗೂ ಈ ದಾರಿ ನೋಡಬೇಕಿತ್ತು."

ಅದು ಸತ್ಯ. ಪುಣ್ಯಾತ್ಮಳ ವೇಷ ನನಗೆ ಒಗ್ಗುವುದಿಲ್ಲ. ಆದರೆ ನಾನು ಹೂಂ ಅಂದಿದ್ದರೆ ಇವಳ ಕುತ್ತಿಗೆಗೆ ಬರುತ್ತಿತ್ತು. ಎರಡೇ ಗಂಟೆ ಎಂದು ಎಷ್ಟು ಹಗುರಾಗಿ ಕೇಳಿದ್ದ!

ಎರಡಕ್ಕೆ ಹತ್ತು ನಿಮಿಷ ಇರುವಾಗಲೇ ದಾರಿಯ ಮೇಲೆ ನೀರು ಹರಿಯತೊಡಗಿತು. ಎದ್ದುಬಿದ್ದು ಹೊರಟೆವು. ನಡುವೆ ಮೊಣಕಾಲಿನವರೆಗೆ ನೀರು ಬಂತು. ಗಂಡ ಯಾವುದನ್ನೂ ಎಳೆದು ನೋಡದೆ ಆ ಮುದುಕನನ್ನು ಬೆನ್ನಿಗೆ ಹಾಕಿಕೊಂಡರು. ಮುದುಕ ಅವರ ಕಿವಿಯ ಹತ್ತಿರ, "ಎಡಕ್ಕೆ ಹೋಗು, ಎಡಕ್ಕೆ ಗಟ್ಟಿ," ಎಂದು ದಾರಿ ಹೇಳಿದ. ಕಣ್ಣು ಮಂಜಾದವನು ಹೇಳಿದ, ನನ್ನ ಗಂಡ ಮರುಮಾತಿಲ್ಲದೆ ಕೇಳಿದರು. ಮಗಳು ಅತ್ತೆಯ ಕೈ ಹಿಡಿದಿದ್ದಳು. ಅತ್ತೆ ಅಲೆ ಬಂದಾಗಲೆಲ್ಲ ಕಿರುಚಿ ಇನ್ನೊಂದು ಬರಲಿ ಎಂದು ಕಾಯುತ್ತಿದ್ದರು. ದಡ ಸೇರಿದಾಗ ಸೊಂಟದವರೆಗೆ ಎಲ್ಲರೂ ತೊಪ್ಪೆಯಾಗಿದ್ದೆವು. ಆ ಹೆಂಗಸು ನನ್ನ ಕೈಯನ್ನು ಒಮ್ಮೆ ಒತ್ತಿ, ಅಪ್ಪನನ್ನು ಕರೆದುಕೊಂಡು ಬೇರೆ ದಾರಿ ಹಿಡಿದಳು.

ಐದಕ್ಕೆ, ಉಪ್ಪುನೀರಿನ ಬಟ್ಟೆ ಪೂರ್ತಿ ಒಣಗುವ ಮೊದಲೇ, ಹೋಟೆಲು ಸೇರಿದೆವು. ಲಾಬಿ ತುಂಬ ಆ ಎಂಬತ್ತು ಜನ, ಸೂಟ್‌ಕೇಸುಗಳ ಮೇಲೆ ಕೂತು ಗೊಣಗುತ್ತಿದ್ದರು. ಕೋಣೆಗಳು ತಯಾರಾಗಿರಲಿಲ್ಲ. ಮ್ಯಾನೇಜರ್ ನಮ್ಮನ್ನು ನೋಡಿದ್ದೇ ಗುಂಪು ಸೀಳಿಕೊಂಡು ಬಂದ.

"ಹನ್ನೊಂದು ಸಲ ಫೋನ್ ಮಾಡಿದ್ದೀನಿ!"

"ನೋಡಿದೆ ಸಾರ್."

"ಎಲ್ಲಿ ಹೋಗಿದ್ರಿ? ಮರಳು ದಾರಿಗಾ?" ನಮ್ಮ ಒದ್ದೆ ಬಟ್ಟೆ ನೋಡಿಯೇ ಕೇಳಿದ. ಆಮೇಲೆ ದನಿ ಬದಲಾಯಿತು. "ನಮ್ಮ ಲಾಂಡ್ರಿಯವಳು ಆ ಕಡೆ ಹೋಗ್ತಿದ್ದದ್ದು ನೋಡಿದೆ ಅಂತ ಒಬ್ಬ ದೋಣಿಯವನು ಹೇಳಿದ. ಅವನ ಮಾತು ಸಾಲದು. ನೀವು ಕಂಪನಿಯವರು. ಜ್ವರ ಅಂದವಳು ಅಲ್ಲಿದ್ದಳಾ, ಇಲ್ವಾ? ಒಂದು ಮಾತು ಹೇಳಿ. ಬೆಳಿಗ್ಗೆ ಆದದ್ದನ್ನ ನಾನು ಮರೀತೀನಿ. ನಿಮ್ಮ ಕುರ್ಚಿ ನಿಮಗೆ."

ಕುರ್ಚಿಯ ವಿಷಯ ಅವನಿಗೆ ಯಾರು ಹೇಳಿದರೋ. ಇಂಥವರಿಗೆ ನಮ್ಮ ಆಸೆಗಳ ಪಟ್ಟಿ ಹೇಗೋ ಸಿಕ್ಕಿರುತ್ತದೆ. ಅವನು ಆಗಲೇ ನಮ್ಮೂರಿನ ಹೋಟೆಲಿನ ದೊಡ್ಡ ಸಾಹೇಬರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ.

"ಏನಮ್ಮಾ ಇದು?" ಎಂದರು ಸಾಹೇಬರು. "ಬಹುಮಾನ ಕೊಟ್ಟು ಕಳಿಸಿದ್ರೆ ಕಂಪನಿಗೆ ತಲೆನೋವು ತರ್ತೀಯಾ? ಅವರು ಕೇಳಿದ್ದಕ್ಕೆ ಉತ್ತರ ಕೊಡು. ನೋಡಿದೆಯಾ ಅವಳನ್ನ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎಂಬತ್ತು ಜನ, ಮ್ಯಾನೇಜರ್, ಕೆಲಸದವರ ಬಾಗಿಲಲ್ಲಿ ನಿಂತ ಮೂವರು ಲಾಂಡ್ರಿ ಹುಡುಗಿಯರು. ಹೌದು ಎನ್ನುವುದು ಎಷ್ಟು ಸುಲಭದ ಮಾತು! ಅದು ನಿಜವೂ ಹೌದು.

"ಇಲ್ಲ ಸಾರ್," ಎಂದೆ. "ಮರಳು ನೋಡಿದೆ, ನೀರು ನೋಡಿದೆ. ಜ್ವರ ಬಂದವರು ಅಲ್ಲಿಗೆ ಯಾಕೆ ಬರ್ತಾರೆ?"

"ಯೋಚಿಸಿ ಹೇಳು. ಇನ್-ಚಾರ್ಜ್ ಜಾಗಕ್ಕೆ ಬೇರೆ ಹೆಸರೂ ಇದೆ."

"ಆ ಹೆಸರೇ ಬರ್ಕೊಳ್ಳಿ ಸಾರ್."

ಆ ಕಡೆ ಫೋನು ಕಟ್ಟಾಯಿತು. ಹೋಯಿತು. ನನಗೆ ಆ ಕುರ್ಚಿ ಬೇಕಿತ್ತು, ಬಹಳ ಬೇಕಿತ್ತು. ಕಣ್ಣಲ್ಲಿ ನೀರು ಬಂತು. ಈ ಮ್ಯಾನೇಜರನ ಮುಂದೆ ಅಳುವುದೇ ಎಂದು ಅದಕ್ಕೂ ಸಿಟ್ಟು ಬಂತು.

ಅವನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಗಂಡ ಮುಂದೆ ಬಂದರು. ನನ್ನ ಕೈಯಿಂದ ಫೋನು ತೆಗೆದು ಅವನ ಕೈಯಲ್ಲಿಟ್ಟರು. "ನಾನೂ ನೋಡಿಲ್ಲ," ಎಂದರು, ಅವನು ಕೇಳುವ ಮೊದಲೇ. ಮಗಳು, "ನಾನೂ ಇಲ್ಲ," ಎಂದಳು. ಅತ್ತೆ, "ನನಗೆ ಕಣ್ಣೇ ಕಾಣಲ್ಲ," ಎಂದು ಅವನ ಅಂಗಿಯ ಗುಂಡಿ ಬಿಚ್ಚಿಹೋಗಿದ್ದನ್ನು ಬೆರಳು ಮಾಡಿ ತೋರಿಸಿದರು.

"ನಿಮಗೆ ಪಶ್ಚಾತ್ತಾಪ ಆಗುತ್ತೆ," ಎಂದ ಅವನು ನನಗೆ.

"ಆಗುತ್ತೆ ಸಾರ್. ನಾಡಿದ್ದು ಡ್ಯೂಟಿಗೆ ಹೋಗಿ ನಿಂತ್ಕೊಂಡಾಗ ಆಗುತ್ತೆ, ಆಗ್ಲಿ. ಈಗ ನಮಗೆ ನಾಲ್ಕು ಚಹಾ ಕಳಿಸಿ. ಒಂದಕ್ಕೆ ಸಕ್ಕರೆ ಬೇಡ."

ಲಾಬಿಯ ನಡುವೆ, ಎಲ್ಲರಿಗೂ ಕಾಣುವ ಕಡೆ, ಬಿಳಿ ಗವಸು ಹಾಕಿದ ದೊಡ್ಡ ಕುರ್ಚಿಯೊಂದು ಖಾಲಿ ಇತ್ತು. ಒದ್ದೆ ಬಟ್ಟೆಯಲ್ಲೇ ಹೋಗಿ ಅದರಲ್ಲಿ ಕೂತೆ. ಕಾಲು ಚಾಚಿದೆ. ಚಹಾ ಬರುವವರೆಗೂ ಏಳಲಿಲ್ಲ.